ಪೋರ್ಚುಗಲ್‌ ಒಳನಾಡಿನಲ್ಲಿ ಮನೆಯವರೇ ನಡೆಸುವ ಹೋಟೆಲು: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಅಪ್ಪ, ಅಮ್ಮನನ್ನು ಕರೆದುಕೊಂಡು ಪೋರ್ಚುಗಲ್‌ಗೆ ಬರುತ್ತಿದ್ದೇವೆ. ಲಿಸ್ಬನ್, ಪೋರ್ಟೊ ಹೇಗೂ ನೋಡುತ್ತೇವೆ. ಅದಾದ ಮೇಲೆ ಒಳನಾಡಿನಲ್ಲಿ, ಮನೆಯವರೇ ನಡೆಸುವ ಒಂದು ಸಣ್ಣ ಹೋಟೆಲಿನಲ್ಲಿ ಉಳಿಯಬೇಕೆಂಬ ಆಸೆ. ಒಂದು ಒಳ್ಳೆಯ ಹೆಸರು ಹೇಳಿ. ನಾವು ಸಸ್ಯಾಹಾರಿಗಳು, ಊಟಕ್ಕೆ ತೊಂದರೆಯಾಗುವುದಿಲ್ಲ ತಾನೇ?"

ನಾನು ಲಿಸ್ಬನ್‌ನಲ್ಲಿ ನೆಲೆಸಿರುವುದು ಗೊತ್ತಿರುವವರಿಂದ ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇರುತ್ತದೆ. ಹೋಟೆಲಿನ ಹೆಸರು ಹೇಳುವುದು ಸುಲಭ, ಆದರೆ ಅದರಿಂದ ನಿಮಗೆ ಹೆಚ್ಚು ಉಪಯೋಗವಿಲ್ಲ. ಇಂಥ ಹೋಟೆಲಿನಲ್ಲಿ ನಿಮ್ಮ ದಿನಗಳು ಹೇಗೆ ಕಳೆಯುತ್ತವೆ ಎಂಬುದನ್ನು ತೀರ್ಮಾನಿಸುವುದು ನೀವು ಎಷ್ಟು ರಾತ್ರಿ ಇರುತ್ತೀರಿ, ಯಾವ ತಿಂಗಳು ಬರುತ್ತೀರಿ, ಬರುವ ಮೊದಲು ಅವರಿಗೆ ಏನು ಬರೆಯುತ್ತೀರಿ ಎಂಬ ವಿಷಯಗಳು. ಆದ್ದರಿಂದ ನನ್ನ ಉತ್ತರ ಇದು: ಒಂದೇ ಊರು ಆರಿಸಿಕೊಳ್ಳಿ, ಕನಿಷ್ಠ ಮೂರು ರಾತ್ರಿ ಇರಿ, ಹೊರಡುವ ಮೊದಲೇ ಮನೆಯವರಿಗೆ ನೇರವಾಗಿ ಬರೆಯಿರಿ.

ನನಗೆ ಬರುವ ಯೋಜನೆಗಳಲ್ಲಿ ಹೆಚ್ಚಿನವು ಒಂದು ರಾತ್ರಿ ಎವೊರಾ, ಒಂದು ರಾತ್ರಿ ಮರ್ವಾವ್, ಇನ್ನೊಂದು ರಾತ್ರಿ ಮೊನ್ಸಾಂಟೊ ಎಂಬಂತೆ ಇರುತ್ತವೆ. ನಕ್ಷೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಏಳೆಂಟು ಕೋಣೆಗಳ ಹೋಟೆಲಿನಲ್ಲಿ ಬೀಗದ ಕೈ ಕೊಡುವವರು, ಹಾಸಿಗೆ ಬದಲಿಸುವವರು, ಒಲೆಯ ಮುಂದೆ ನಿಲ್ಲುವವರು ಎಲ್ಲ ಒಂದೇ ಮನೆಯ ಇಬ್ಬರು ಮೂವರು. ರಾತ್ರಿ ಒಂಬತ್ತಕ್ಕೆ ಬಂದಿಳಿದು "ಮಾಂಸ, ಮೀನು ತಿನ್ನುವುದಿಲ್ಲ" ಎಂದರೆ ಅವರ ಕೈಯಲ್ಲಿ ಆಗುವುದು ಆಮ್ಲೆಟ್ ಮತ್ತು ಆಲೂಗಡ್ಡೆ. ಮರುದಿನವೂ ಇರುತ್ತೀರಿ ಎಂದು ಗೊತ್ತಾದರೆ ಬೆಳಗಿನ ಮಾರುಕಟ್ಟೆಯಿಂದ ನಿಮಗಾಗಿ ಏನಾದರೂ ತರುತ್ತಾರೆ. ಜೊತೆಗೆ ಭಾನುವಾರ ಸಂಜೆ ಅಥವಾ ಸೋಮವಾರ ಅನೇಕ ಊಟದ ಹೋಟೆಲುಗಳು ಬಾಗಿಲು ಹಾಕಿರುತ್ತವೆ, ವಾರಾಂತ್ಯದಲ್ಲಿ ಹಳ್ಳಿಯ ಬಸ್ಸುಗಳು ಕಡಿಮೆ. ದಿನಕ್ಕೊಂದು ಊರು ಬದಲಿಸುವವರಿಗೆ ಇಂಥ ದಿನವೊಂದು ಅಡ್ಡ ಬಂದೇ ಬರುತ್ತದೆ.

ಬಾಗಿಲ ಮೇಲಿನ ಹೆಸರುಗಳ ಬಗ್ಗೆ ಸ್ವಲ್ಪ. ಸಣ್ಣ ವಸತಿಗೃಹಗಳ ಮೇಲೆ ಪೆನ್ಸಾವ್, ರೆಸಿಡೆನ್ಸಿಯಾಲ್ ಎಂಬ ಹಳೆಯ ಫಲಕಗಳು ಇನ್ನೂ ಕಾಣುತ್ತವೆ. 2008ರ ಕಾನೂನು ಈ ಹಳೆಯ ವರ್ಗಗಳನ್ನು ತೆಗೆದು ಹಾಕಿತು. ಅವುಗಳಲ್ಲಿ ಎಷ್ಟೋ ಈಗ ಅಲೊಜಮೆಂಟೊ ಲೊಕಾಲ್ (ಸ್ಥಳೀಯ ವಸತಿ) ಎಂದು ನೋಂದಣಿಯಾಗಿ, ಬಾಗಿಲ ಬಳಿ 'ಎಎಲ್' ಎಂಬ ಸಣ್ಣ ಫಲಕ ಹಾಕಿಕೊಂಡಿವೆ. ಇವುಗಳಿಗೆ ನಕ್ಷತ್ರಗಳಿಲ್ಲ, ಹಾಗೆಂದು ಕೀಳಲ್ಲ. ನಾನು ನಕ್ಷತ್ರ ನೋಡುವ ಬದಲು ಕೆಳಗಿನ ಅಂತಸ್ತು ನೋಡುತ್ತೇನೆ. ಕೆಳಗೆ ಊಟದ ಕೋಣೆಯಿದ್ದು, ಮಧ್ಯಾಹ್ನ ಊರಿನ ಕೆಲಸಗಾರರು, ಪಂಚಾಯಿತಿ ಕಚೇರಿಯವರು ಅಲ್ಲಿ ದಿನದ ಊಟಕ್ಕೆ ಕೂರುತ್ತಾರಾದರೆ ಅದು ಒಳ್ಳೆಯ ಜಾಗ. ಅಪ್ಪ ಅಮ್ಮನನ್ನು ರಾತ್ರಿ ಊಟಕ್ಕಾಗಿ ಕಲ್ಲುಹಾಸಿನ ಇಳಿಜಾರು ಬೀದಿಯಲ್ಲಿ ನಡೆಸುವ ಕೆಲಸವೂ ತಪ್ಪುತ್ತದೆ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುವುದು ಅಪರೂಪ. ಮಂಡಿನೋವಿರುವವರು ಜೊತೆಗಿದ್ದರೆ ನೆಲ ಅಂತಸ್ತಿನ ಕೋಣೆ ಬೇಕೆಂದು ಮೊದಲೇ ಬರೆಯಬೇಕು. ಇಲ್ಲಿ 'ಒಂದನೆಯ ಮಹಡಿ' ಎಂದರೆ ಮೆಟ್ಟಿಲು ಹತ್ತಿಯೇ ಹೋಗಬೇಕು.

ಎಲ್ಲಿಗೆ ಹೋಗಬೇಕು? ಕಾರು ಓಡಿಸದವರಿಗೆ ಎವೊರಾ. ಲಿಸ್ಬನ್‌ನಿಂದ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ, 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಊರು, ರೋಮನ್ ದೇವಾಲಯದ ಕಂಬಗಳು ಊರ ನಡುವೆಯೇ ನಿಂತಿವೆ. ರೈಲು ಪ್ರಯಾಣವನ್ನೇ ಪ್ರೀತಿಸುವವರು ಕೊವಿಲ್ಯಾಕ್ಕೆ ಹೋಗಲಿ. ಲಿಸ್ಬನ್‌ನಿಂದ ಹೊರಟ ಗಾಡಿ ಬಹಳ ದೂರ ತೇಜು ನದಿಯ ದಡಕ್ಕೆ ಅಂಟಿಕೊಂಡೇ ಸಾಗುತ್ತದೆ. ಹಿಂದೆ ಉಣ್ಣೆಯ ಗಿರಣಿಗಳಿಗೆ ಹೆಸರಾಗಿದ್ದ ಆ ಊರಿನ ಬೆನ್ನಿಗೇ ಸೆರಾ ದ ಎಸ್ಟ್ರೇಲಾ ಪರ್ವತ. ಅದರ ತುದಿ 1,993 ಮೀಟರ್, ಪೋರ್ಚುಗಲ್ ಮುಖ್ಯಭೂಮಿಯಲ್ಲಿ ಅದಕ್ಕಿಂತ ಎತ್ತರದ ಜಾಗವಿಲ್ಲ.

ಆದರೆ ನನ್ನನ್ನು ಕೇಳಿದರೆ, ಕಾರು ಇದ್ದವರು ಕಾಸ್ಟೆಲೊ ದೆ ವಿದೆಗೆ ಹೋಗಬೇಕು. ಅಲೆಂಟೆಜೊ ಪ್ರಾಂತ್ಯದ ಉತ್ತರ ಮೂಲೆಯಲ್ಲಿ, ಸ್ಪೇನ್ ಗಡಿಗೆ ಹತ್ತಿರ, ಗುಡ್ಡದ ಮಗ್ಗುಲಲ್ಲಿ ಸುಣ್ಣ ಬಳಿದ ಮನೆಗಳ ಸಣ್ಣ ಊರು. ಕೋಟೆಯ ಕೆಳಗಿನ ಹಳೆಯ ಯಹೂದಿ ಕೇರಿಯಲ್ಲಿ ಬಾಗಿಲುಗಳ ಕಲ್ಲಿನ ಚೌಕಟ್ಟುಗಳು ಮೇಲ್ಗಡೆ ಚೂಪಾಗಿ ಕೂಡುತ್ತವೆ. ಪ್ರತಿ ಚೌಕಟ್ಟಿನ ಕೆತ್ತನೆಯೂ ಬೇರೆ. ಕೇರಿ ಇಳಿದು ಹೋದರೆ ಅಮೃತಶಿಲೆಯ ಕಾರಂಜಿ, ಈಗಲೂ ನೀರು ಹರಿಯುತ್ತದೆ. ಗಾರ್ಸಿಯಾ ದ ಒರ್ಟಾ ಎಂಬ ವೈದ್ಯ 1501ರ ಆಸುಪಾಸಿನಲ್ಲಿ ಹುಟ್ಟಿದ್ದು ಈ ಊರಿನಲ್ಲಿ. 1534ರಲ್ಲಿ ಹಡಗು ಹತ್ತಿದ ಆತ ಉಳಿದ ಬದುಕನ್ನು ಗೋವಾದಲ್ಲಿ ಕಳೆದ. ನಮ್ಮ ಕರಾವಳಿಯ ಮೆಣಸು, ಶುಂಠಿ, ವೀಳ್ಯದೆಲೆ, ಮಾವುಗಳನ್ನು ಔಷಧದ ಕಣ್ಣಿನಿಂದ ನೋಡಿ ಅವನು ಬರೆದ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಯಹೂದಿ ಮೂಲದ ಆತ ಗುಟ್ಟಾಗಿ ಯಹೂದಿ ಧರ್ಮವನ್ನೇ ಪಾಲಿಸುತ್ತಿದ್ದನೆಂಬ ಆರೋಪದ ಮೇಲೆ, ಸತ್ತು ಹನ್ನೆರಡು ವರ್ಷಗಳ ಬಳಿಕ ಕ್ಯಾಥೊಲಿಕ್ ಧರ್ಮವಿಚಾರಣೆಯವರು (ಇನ್‌ಕ್ವಿಸಿಷನ್) ಅವನ ಎಲುಬುಗಳನ್ನು ಅಗೆದು ತೆಗೆದು ಸುಟ್ಟರು. ಆ ಕೇರಿಯಲ್ಲಿ ನಡೆಯುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಪ್ರವಾಸಿ ಪುಸ್ತಿಕೆಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಈ ಕಥೆಯನ್ನು ಕನ್ನಡದ ಓದುಗರಾದರೂ ನಿಂತು ಓದಬೇಕು.

ಮರ್ವಾವ್ ಅಲ್ಲಿಂದ ಸುಮಾರು ಹನ್ನೆರಡು ಕಿಲೋಮೀಟರ್. ಬಂಡೆಯ ನೆತ್ತಿಯ ಮೇಲೆ ಕೋಟೆಗೋಡೆಯೊಳಗೆ ಇಡೀ ಊರು. ಒಂದು ಸಂಜೆ ಹೋಗಿ ಬನ್ನಿ, ಉಳಿಯುವುದು ಮಾತ್ರ ಕೆಳಗಿರಲಿ. ಈ ಕಡೆಗೆ ಬರುತ್ತಿದ್ದ ರೈಲು ಮಾರ್ಗ 2012ರಲ್ಲಿ ಮುಚ್ಚಿದೆ. ಲಿಸ್ಬನ್‌ನಿಂದ ಪೋರ್ಟಲೆಗ್ರೆವರೆಗೆ ಬಸ್ಸಿನಲ್ಲಿ ಬಂದು ಮುಂದೆ ಟ್ಯಾಕ್ಸಿ ಹಿಡಿಯಬಹುದು. ಹಳ್ಳಿ ಬಸ್ಸುಗಳಲ್ಲಿ ಕೆಲವು ಶಾಲೆ ಇರುವ ದಿನಗಳಲ್ಲಿ ಮಾತ್ರ ಓಡುತ್ತವೆ, ರಜೆಯಲ್ಲಿ ಬರುವವರು ವೇಳಾಪಟ್ಟಿಯ ಅಡಿಟಿಪ್ಪಣಿಯನ್ನು ಓದಿಯೇ ದಿನ ಗೊತ್ತುಮಾಡಿಕೊಳ್ಳಬೇಕು. ರೈಲಿನಲ್ಲಿ ಹೋಗುವವರಿಗೆ ಒಂದು ಸಂತೋಷದ ವಿಷಯ: 65 ದಾಟಿದವರಿಗೆ ಟಿಕೆಟ್ ಅರ್ಧ ಬೆಲೆ, ಪಾಸ್‌ಪೋರ್ಟ್ ಜೊತೆಯಲ್ಲಿರಲಿ. ಕಾರಿನವರಿಗೂ ಒಂದಿದೆ: ಒಳನಾಡಿಗೆ ಹೋಗುವ ಎ23, ಎ25ರಂಥ ಹೆದ್ದಾರಿಗಳಲ್ಲಿ 2025ರ ಜನವರಿಯಿಂದ ಸುಂಕವಿಲ್ಲ.

ತಿಂಗಳ ವಿಷಯದಲ್ಲಿ ನಾನು ಹಟಮಾರಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬನ್ನಿ. ನಮ್ಮ ಮಕ್ಕಳ ಬೇಸಿಗೆ ರಜೆಯೂ ಆಗಲೇ ಬರುತ್ತದೆ, ಅಲೆಂಟೆಜೊದ ಬಯಲೆಲ್ಲ ಹಸಿರಾಗಿ, ಕಾರ್ಕ್ ಮರಗಳ ಕೆಳಗೆ ಕಾಡುಹೂಗಳು ತುಂಬಿರುತ್ತವೆ. ಜುಲೈ, ಆಗಸ್ಟ್ ಬೇಡ. 2003ರ ಆಗಸ್ಟ್ 1ರಂದು ಇದೇ ಪ್ರಾಂತ್ಯದ ಅಮರೆಲೆಜಾದಲ್ಲಿ 47 ಡಿಗ್ರಿಗಿಂತ ಹೆಚ್ಚು ದಾಖಲಾಗಿತ್ತು. ಕಲಬುರಗಿಯ ಬಿಸಿಲು ಕಂಡವರಿಗೂ ಅದು ತಮಾಷೆಯಲ್ಲ. ಆಗಸ್ಟ್‌ಗೆ ಇನ್ನೊಂದು ತೊಡಕಿದೆ. ಒಳನಾಡಿನ ಹಳ್ಳಿಗಳಿಂದ ತಲೆಮಾರುಗಳ ಕಾಲ ಜನ ಫ್ರಾನ್ಸ್, ಸ್ವಿಟ್ಜರ್ಲೆಂಡ್, ಲಕ್ಸೆಂಬರ್ಗ್‌ಗಳಿಗೆ ದುಡಿಯಲು ಹೋದರು. 2011 ಮತ್ತು 2021ರ ಜನಗಣತಿಗಳ ನಡುವೆ ಅಲೆಂಟೆಜೊ ನೂರಕ್ಕೆ ಸುಮಾರು ಏಳರಷ್ಟು ಜನರನ್ನು ಕಳೆದುಕೊಂಡಿದೆ. ಹೋದವರು ಊರಿಗೆ ಬರುವುದು ಆಗಸ್ಟ್‌ನಲ್ಲಿ, ಊರಹಬ್ಬಗಳೂ ಆಗಲೇ. ವರ್ಷವೆಲ್ಲ ಖಾಲಿಯಿರುವ ಹಳ್ಳಿಯಲ್ಲೂ ಆಗ ಕೋಣೆ ಸಿಗುವುದು ಕಷ್ಟ. ಕಾಸ್ಟೆಲೊ ದೆ ವಿದೆಯಲ್ಲಿ ಈಸ್ಟರ್ ಕೂಡ ಹಾಗೆಯೇ: ಶನಿವಾರ ಕುರಿಮರಿಗಳನ್ನು ಚೌಕಕ್ಕೆ ತಂದು ಹರಸುತ್ತಾರೆ, ರಾತ್ರಿ ಊರಿಗೆ ಊರೇ ದನದ ಗಂಟೆಗಳನ್ನು ಹಿಡಿದು ಬೀದಿಗಿಳಿಯುತ್ತದೆ. ಅದನ್ನು ನೋಡಲೇಬೇಕೆಂದರೆ ತಿಂಗಳುಗಳ ಮೊದಲೇ ಕೋಣೆ ಹಿಡಿಯಬೇಕು. ಚಳಿಗಾಲದಲ್ಲಿ ಬರುವವರು ಬಿಸಿಗಾಳಿಯ ವ್ಯವಸ್ಥೆ ಇದೆಯೇ ಎಂದು ಕೇಳದೆ ಬರಬೇಡಿ. ದಪ್ಪ ಕಲ್ಲಿನ ಗೋಡೆಗಳ ಮನೆ ಜನವರಿಯಲ್ಲಿ ಹೊರಗಿನ ಬೀದಿಗಿಂತ ತಣ್ಣಗಿರುವುದುಂಟು.

ಈಗ ಊಟ. ಈ ಪ್ರಶ್ನೆಯನ್ನು ಕೇಳುವಾಗ ಎಲ್ಲರ ದನಿಯಲ್ಲೂ ಭಯವಿರುತ್ತದೆ, ಅದಕ್ಕೆ ಕಾರಣವೂ ಇದೆ. ಇಲ್ಲಿನ ಅಡುಗೆಯಲ್ಲಿ ಹಂದಿಮಾಂಸ ಕಣ್ಣಿಗೆ ಬೀಳದಂತೆಯೂ ಸೇರಿರುತ್ತದೆ. ಹಸಿರು ಸೊಪ್ಪಿನ ಕಾಲ್ದೊ ವೆರ್ದೆ ಸಾರಿನಲ್ಲಿ ಚೊರಿಸೊ ಎಂಬ ಹಂದಿಮಾಂಸದ ಸಾಸೇಜಿನ ಚೂರು ತೇಲುತ್ತದೆ, ತರಕಾರಿ ಸಾರಿಗೂ ಮಾಂಸದ ನೀರು ಹಾಕಿರಬಹುದು, ಬ್ರೆಡ್ಡಿನಿಂದ ಮಾಡುವ ಮಿಗಾಸ್‌ಗೆ ಹಂದಿಯ ಕೊಬ್ಬು. "ಸಸ್ಯಾಹಾರಿ" ಎಂದಷ್ಟೇ ಹೇಳಿದರೆ ಮೀನು ತಂದಿಡುವವರೂ ಇದ್ದಾರೆ, ಅದರಲ್ಲಿ ಕೆಟ್ಟ ಉದ್ದೇಶ ಖಂಡಿತ ಇಲ್ಲ. ಆದ್ದರಿಂದ ಹೆಸರು ಹಿಡಿದೇ ಹೇಳಿ: ಸೆಮ್ ಕಾರ್ನೆ, ಸೆಮ್ ಪೈಶೆ, ಸೆಮ್ ಚೊರಿಸೊ. ಮಾಂಸ ಬೇಡ, ಮೀನು ಬೇಡ, ಚೊರಿಸೊ ಬೇಡ. ಮೊಟ್ಟೆ, ಹಾಲು, ಚೀಸ್ ಆಗುತ್ತದೆಯೋ ಇಲ್ಲವೋ ಎಂಬುದನ್ನೂ ಸೇರಿಸಿ.

ಹಾಗೆ ಹೇಳಿದ ಮೇಲೆ ಅಲೆಂಟೆಜೊದಂಥ ಪ್ರಾಂತ್ಯ ಇನ್ನೊಂದಿಲ್ಲ. ಏಕೆಂದರೆ ಇದು ಬಡವರ ಅಡುಗೆಯ ನಾಡು, ಬ್ರೆಡ್ಡು, ಬೆಳ್ಳುಳ್ಳಿ, ಆಲಿವ್ ಎಣ್ಣೆಗಳ ಮೇಲೆ ನಿಂತದ್ದು. ಪೋರ್ಚುಗಲ್ಲಿನಲ್ಲಿ ಕೊತ್ತಂಬರಿ ಸೊಪ್ಪನ್ನು ಇಲ್ಲಿನವರಷ್ಟು ಧಾರಾಳವಾಗಿ ಬಳಸುವವರು ಕಡಿಮೆ. ಅಸೊರ್ಡಾ ಎಂಬ ಬ್ರೆಡ್ಡಿನ ಸಾರು ಮಾಡುವುದನ್ನು ನಾನು ಒಮ್ಮೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಮನೆಯ ಯಜಮಾನಿ ಕುಟ್ಟಾಣಿಗೆ ಬೆಳ್ಳುಳ್ಳಿ ಎಸಳು, ಕಲ್ಲುಪ್ಪು, ಒಂದು ಹಿಡಿ ಕೊತ್ತಂಬರಿ ಸೊಪ್ಪು ಹಾಕಿ ಹಸಿರು ಮುದ್ದೆಯಾಗುವವರೆಗೆ ಜಜ್ಜಿದರು. ಅದನ್ನು ಅಗಲ ಬೋಗುಣಿಗೆ ಬಳಿದು, ಮೇಲೆ ಆಲಿವ್ ಎಣ್ಣೆ ಸುರಿದು, ಕುದಿಯುವ ನೀರು ಹೊಯ್ದ ಕ್ಷಣವೇ ಘಮ ಇಡೀ ಕೋಣೆಗೆ ಹರಡಿತು. ಆ ನೀರಿನಲ್ಲೇ ಮೊಟ್ಟೆಗಳನ್ನು ಒಡೆದು ಬೇಯಿಸಿ ತೆಗೆದಿದ್ದರು. ಕೊನೆಗೆ ಹಿಂದಿನ ದಿನದ ಗಟ್ಟಿ ಬ್ರೆಡ್ಡನ್ನು ಕೈಯಲ್ಲೇ ಮುರಿದು ಹಾಕಿ, ಮೊಟ್ಟೆ ಮೇಲಿಟ್ಟು, "ಈಗಲೇ ತಿನ್ನಿ, ಬ್ರೆಡ್ಡು ಕಾಯುವುದಿಲ್ಲ" ಎಂದರು. ಕೆಲವರು ಮೊಟ್ಟೆಯ ನೀರಿನ ಬದಲು ಒಣಮೀನು ಬೇಯಿಸಿದ ನೀರು ಹಾಕುತ್ತಾರೆ, ಅದನ್ನು ಕೇಳಿ ತಿಳಿಯಬೇಕು.

ಚೀಸಿನ ವಿಷಯ ಬಹಳ ಸಸ್ಯಾಹಾರಿಗಳಿಗೆ ತಿಳಿದಿಲ್ಲ. ಯುರೋಪಿನ ಅನೇಕ ಸಾಂಪ್ರದಾಯಿಕ ಚೀಸುಗಳಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ ಬಳಸುತ್ತಾರೆ. ಆದರೆ ಸೆರಾ ದ ಎಸ್ಟ್ರೇಲಾ, ನಿಸಾ, ಎವೊರಾ, ಸೆರ್ಪಾ ಚೀಸುಗಳಲ್ಲಿ ಕುರಿಹಾಲನ್ನು ಒಡೆಯುವುದು ಒಂದು ಮುಳ್ಳುಗಿಡದ ಒಣಗಿದ ನೇರಳೆ ಹೂವಿನಿಂದ. ನಿಸಾ ಊರು ಕಾಸ್ಟೆಲೊ ದೆ ವಿದೆಯ ಪಕ್ಕದಲ್ಲೇ ಇದೆ. ಈ ಚೀಸುಗಳನ್ನು ಅಮ್ಮನಿಗೆ ನಿಶ್ಚಿಂತೆಯಿಂದ ಬಡಿಸಬಹುದು. ಟೊಮ್ಯಾಟೊ ಅನ್ನ, ಕಡಲೆಕಾಳಿನ ಸಾರು, ಕಿತ್ತಳೆ, ದಾಲ್ಚಿನ್ನಿ ಪುಡಿ ಉದುರಿಸಿದ ಅನ್ನದ ಪಾಯಸ, ಇವನ್ನೆಲ್ಲ ಹಿಂದಿನ ದಿನ ಹೇಳಿದರೆ ಮಾಡಿಕೊಡುತ್ತಾರೆ. ಕೂತ ತಕ್ಷಣ ಮೇಜಿಗೆ ಬರುವ ಬ್ರೆಡ್ಡು, ಆಲಿವ್ ಕಾಯಿ, ಬೆಣ್ಣೆಗೆ ಬೆಲೆಯಿದೆ. ಬೇಡವಾದರೆ ಮುಟ್ಟದೆ ಹಿಂದಕ್ಕೆ ಕಳಿಸಿದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ. ರಾತ್ರಿಯ ಊಟ ಏಳೂವರೆಗೆ ಮೊದಲು ಸಿಗುವುದಿಲ್ಲ, ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಸಂಜೆಗೆ ಏನಾದರೂ ಕೈಯಲ್ಲಿರಲಿ.

ಹಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ವಲ್ಪ ನಗದು ಇಟ್ಟುಕೊಳ್ಳಿ, ಸಣ್ಣ ಊರುಗಳ ಕೆಲವು ಯಂತ್ರಗಳು ಹೊರದೇಶದ ಕಾರ್ಡು ತೆಗೆದುಕೊಳ್ಳುವುದಿಲ್ಲ. ಪಾಸ್‌ಪೋರ್ಟ್ ಕೇಳಿದರೆ ಗಾಬರಿ ಬೇಡ, ವಿದೇಶಿ ಅತಿಥಿಗಳ ವಿವರವನ್ನು ಸರ್ಕಾರಕ್ಕೆ ತಿಳಿಸುವುದು ಅವರ ಕಾನೂನಿನ ಹೊಣೆ.

ಇನ್ನು ಪತ್ರ. ಬುಕಿಂಗ್ ತಾಣದಲ್ಲಿ ಕೋಣೆ ಕಂಡರೂ ಮನೆಯವರಿಗೆ ನೇರವಾಗಿ ಒಂದು ಇಮೇಲ್ ಬರೆಯಿರಿ. ಸಣ್ಣ ವಾಕ್ಯಗಳಲ್ಲಿ ಬರೆದು ಅನುವಾದ ಯಂತ್ರದಿಂದ ಪೋರ್ಚುಗೀಸಿಗೆ ತಿರುಗಿಸಿದರೆ ಸಾಕು. ಎಷ್ಟು ಜನ, ಅವರ ವಯಸ್ಸು, ಜೋಡಿ ಹಾಸಿಗೆಯೋ ಬೇರೆ ಬೇರೆಯೋ, ನೆಲ ಅಂತಸ್ತು ಬೇಕೇ, ಏನು ತಿನ್ನುವುದಿಲ್ಲ, ಯಾವ ದಿನ ಎಷ್ಟು ಗಂಟೆಗೆ ತಲುಪುತ್ತೀರಿ. ಬರುವ ಗಂಟೆ ಬಹಳ ಮುಖ್ಯ, ಏಕೆಂದರೆ ಇಂಥ ಕಡೆ ರಾತ್ರಿಯಿಡೀ ಎಚ್ಚರವಿರುವ ಸ್ವಾಗತ ಮೇಜು ಇರುವುದಿಲ್ಲ. ನಿಮಗಾಗಿ ಒಬ್ಬರು ನಿದ್ದೆಗೆಟ್ಟು ಕೂತಿರುತ್ತಾರೆ.

ಕೊನೆಯದಾಗಿ ವೀಸಾ. ಭಾರತದ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ ಬೇಕು, 2024ರ ಜೂನ್‌ನಿಂದ ಅದರ ಶುಲ್ಕ ದೊಡ್ಡವರಿಗೆ 90 ಯೂರೊ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ವಾಸ್ತವ್ಯದ ದಾಖಲೆ ಮತ್ತು ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಜೊತೆಗಿರಬೇಕು. ವಾಸ್ತವ್ಯದ ದಾಖಲೆಗಾಗಿ ಸಿಕ್ಕ ಸಿಕ್ಕ ಹೋಟೆಲುಗಳನ್ನು ಹಿಡಿದು, ವೀಸಾ ಬಂದ ಮೇಲೆ ರದ್ದು ಮಾಡುವ ಅಭ್ಯಾಸ ನಮ್ಮವರಲ್ಲಿ ಬೆಳೆದಿದೆ. ಇದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಇನ್ನೂರು ಕೋಣೆಗಳ ಹೋಟೆಲಿಗೆ ಅದು ಲೆಕ್ಕಕ್ಕಿಲ್ಲ. ಏಳು ಕೋಣೆಗಳ ಮನೆಯಲ್ಲಿ ನಿಮ್ಮ ಎರಡು ಕೋಣೆಗಳೆಂದರೆ ಆ ವಾರದ ದುಡಿಮೆಯ ಕಾಲುಭಾಗಕ್ಕಿಂತ ಹೆಚ್ಚು, ನಿಮಗಾಗಿ ಬೇರೆಯವರನ್ನು ವಾಪಸು ಕಳಿಸಿರುತ್ತಾರೆ. ಪತ್ರದಲ್ಲೇ ನಿಜ ಬರೆಯಿರಿ: ವೀಸಾಗೆ ಅರ್ಜಿ ಹಾಕುತ್ತಿದ್ದೇವೆ, ಇಂಥ ದಿನಾಂಕದೊಳಗೆ ಖಚಿತಪಡಿಸುತ್ತೇವೆ, ಕೋಣೆ ಕಾದಿರಿಸಿದ ಪತ್ರ ಕಳಿಸಿಕೊಡಿ. ಕೇಳಿದರೆ ಕೊಡುತ್ತಾರೆ. ವೀಸಾ ಸಿಗದಿದ್ದರೆ ಸುದ್ದಿ ಬಂದ ದಿನವೇ ತಿಳಿಸಿಬಿಡಿ, ಆ ಕೋಣೆಗಳಿಗೆ ಬೇರೆಯವರು ಸಿಗಲು ಸಮಯವಿರುತ್ತದೆ.