ನನ್ನ ಓಟು ಟೈಟನ್‌ಗೆ

ಎಲ್ಲರೂ ಮಂಗಳ ಮಂಗಳ ಅಂತಾರೆ. ನನಗೆ ಮಾತ್ರ ಶನಿಯ ಚಂದ್ರ ಟೈಟನ್ ಹುಚ್ಚು ಬಿಟ್ಟಿಲ್ಲ.

2005ರ ಜನವರಿ 14ರಂದು ಹೈಗನ್ಸ್ ನೌಕೆ ಅಲ್ಲಿಳಿದು ಕಳಿಸಿದ ಫೋಟೋ ನೋಡಿದ್ದೀರಾ? ಕಿತ್ತಳೆ ಮಬ್ಬು, ನೆಲದ ತುಂಬ ನುಣುಪು ಗುಂಡುಕಲ್ಲು, ಥೇಟ್ ನಮ್ಮ ಹೊಳೆದಂಡೆ. ಆದರೆ ಅದು ಕಲ್ಲಲ್ಲ, ನೀರಿನ ಮಂಜುಗಡ್ಡೆ! ಮೈನಸ್ 179 ಡಿಗ್ರಿ ಚಳಿಯಲ್ಲಿ ಅದೇ ಬಂಡೆ. ಅದನ್ನು ಉರುಳಿಸಿ ಸವೆಸಿದ್ದು ದ್ರವ ಮೀಥೇನ್. ಅಲ್ಲಿ ಮೀಥೇನ್ ಮಳೆಯಾಗುತ್ತದೆ, ಹೊಳೆಯಾಗಿ ಹರಿಯುತ್ತದೆ, ಕೆರೆಯಾಗಿ ನಿಲ್ಲುತ್ತದೆ. ಗುರುತ್ವ ಭೂಮಿಯ ಏಳನೇ ಒಂದು ಪಾಲು, ಗಾಳಿ ನಮ್ಮದಕ್ಕಿಂತ ದಟ್ಟ. ಹಾಗಾಗಿ ದಪ್ಪ ದಪ್ಪ ಹನಿಗಳು ಅವಸರವೇ ಇಲ್ಲದೆ ಇಳಿಯುತ್ತವಂತೆ. ಅಂಥ ಮಳೆಯಲ್ಲಿ ನಿಂತರೆ ಹೇಗಿರಬಹುದು ಅಂತ ಎಷ್ಟು ಸಲ ಯೋಚಿಸಿದ್ದೇನೋ. (ಹೆಪ್ಪುಗಟ್ಟಿ ಹೋಗುತ್ತೀನಿ, ಗೊತ್ತು.)

ಇನ್ನೊಂದು ವಿಷಯ. ಹೈಗನ್ಸ್ ಎರಡು ಚಾನಲ್‌ಗಳಲ್ಲಿ ಮಾಹಿತಿ ಕಳಿಸುತ್ತಿತ್ತು. ಅದನ್ನು ಹೊತ್ತೊಯ್ದ ತಾಯಿನೌಕೆ ಕ್ಯಾಸಿನಿಯಲ್ಲಿದ್ದ ಒಂದು ರಿಸೀವರ್ ಆನ್ ಮಾಡುವ ಆದೇಶವೇ ಬಿಟ್ಟುಹೋಗಿ, ಅರ್ಧದಷ್ಟು ಫೋಟೋ ಮಾಯ! ಗಾಳಿಯ ವೇಗದ ಲೆಕ್ಕವೂ ಹೋಯಿತು ಅನ್ನುವಷ್ಟರಲ್ಲಿ, ಭೂಮಿಯ ರೇಡಿಯೋ ದೂರದರ್ಶಕಗಳು ಆ ಕ್ಷೀಣ ಸಿಗ್ನಲನ್ನು ನೇರವಾಗಿ ಹಿಡಿದಿದ್ದವು. ನೂರು ಕೋಟಿ ಕಿಲೋಮೀಟರಿಗೂ ಆಚೆಯಿಂದ ಬಂದದ್ದು!

ಈಗ ನಾಸಾದವರು ಟೈಟನ್‌ಗೆ ಡ್ರ್ಯಾಗನ್‌ಫ್ಲೈ ಅನ್ನೋ ಎಂಟು ರೋಟರಿನ ಡ್ರೋನ್ ಕಳಿಸುತ್ತಾರೆ. 2028ಕ್ಕೆ ಹೊರಟು 2034ಕ್ಕೆ ತಲುಪುವ ಯೋಜನೆ. ಈಗಾಗಲೇ ಮುಂದೆ ಹೋಗಿರುವ ಡೇಟು, ಇನ್ನೂ ಜಾರದಿದ್ದರೆ ಸಾಕಪ್ಪ.