ಸಮುದ್ರದ ಮಧ್ಯೆ ಮೊಬೈಲ್ ನೆಚ್ಚಿಕೊಳ್ಳಬಹುದಾ?

ದಡ ಕಾಣುತ್ತಿದ್ದರೆ ಸಿಗ್ನಲ್ ಸಿಕ್ಕೇ ಸಿಗುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಟವರ್‌ಗಳನ್ನು ಕಟ್ಟಿರುವುದು ನೆಲದ ಮೇಲಿನ ಜನರಿಗಾಗಿ, ಅವುಗಳ ಆಂಟೆನಾ ಸಾಮಾನ್ಯವಾಗಿ ಊರುಗಳ ಕಡೆ ಮುಖ ಮಾಡಿ ಸ್ವಲ್ಪ ಕೆಳಕ್ಕೆ ಬಾಗಿರುತ್ತದೆ. ಜೊತೆಗೆ ಭೂಮಿ ದುಂಡಗಿದೆ ಅಲ್ವಾ, ದೂರ ಹೋದಂತೆ ಟವರ್ ದಿಗಂತದ ಕೆಳಗೆ ಮರೆಯಾಗುತ್ತದೆ. ಹಳೆಯ ೨ಜಿಯಲ್ಲಂತೂ ಸಿಗ್ನಲ್ ಎಷ್ಟೇ ಚೆನ್ನಾಗಿದ್ದರೂ ಸಾಮಾನ್ಯವಾಗಿ ೩೫ ಕಿಲೋಮೀಟರ್ ದಾಟಿದರೆ ಕರೆ ಹೋಗುವುದಿಲ್ಲ, ಯಾಕೆಂದರೆ ಫೋನಿನ ಸಂಕೇತ ಟವರ್ ತಲುಪಲು ಇಟ್ಟಿರುವ ಸಮಯವೇ ಅಷ್ಟು.

ಸಿಗ್ನಲ್ ಹೋದ ಮೇಲೆ ಫೋನ್ ಸುಮ್ನೆ ಕೂರುವುದಿಲ್ಲ, ಟವರ್ ಹುಡುಕುತ್ತಾ ಬ್ಯಾಟರಿ ತಿನ್ನುತ್ತದೆ. ಅದಕ್ಕೇ ನಾನು ಏರ್‌ಪ್ಲೇನ್ ಮೋಡ್ ಹಾಕಿಬಿಡುತ್ತೇನೆ. ಜಿಪಿಎಸ್ ಆಗಲೂ ಕೆಲಸ ಮಾಡುತ್ತದೆ, ಅದಕ್ಕೆ ಬೇಕಿರುವುದು ಉಪಗ್ರಹ, ಟವರ್ ಅಲ್ಲ. ನಕ್ಷೆ ಮಾತ್ರ ಮೊದಲೇ ಇಳಿಸಿಕೊಂಡಿರಬೇಕು.

ದೊಡ್ಡ ಪ್ರವಾಸಿ ಹಡಗುಗಳಲ್ಲಿ ಇದ್ದಕ್ಕಿದ್ದಂತೆ ಪೂರ್ತಿ ಸಿಗ್ನಲ್ ಕಂಡರೆ ಖುಷಿಪಡಬೇಡಿ! ಅದು ಹಡಗಿನದೇ ನೆಟ್‌ವರ್ಕ್, ಉಪಗ್ರಹದ ಮೂಲಕ ಹೋಗುವಂಥದ್ದು, ರೋಮಿಂಗ್ ಬಿಲ್ ನೋಡಿದರೆ ತಲೆ ತಿರುಗುತ್ತದೆ.

ಇನ್ನು ಅಪಾಯದ ಸಮಯಕ್ಕೆ ವಿಎಚ್‌ಎಫ್ ರೇಡಿಯೋನೇ ಬೇಕು, ಅಂದರೆ ದೋಣಿಯವರು ಒಬ್ಬರಿಗೊಬ್ಬರು ಮಾತಾಡಲು ಇಟ್ಟುಕೊಳ್ಳುವ ರೇಡಿಯೋ. ಫೋನ್ ಕರೆ ಒಬ್ಬರಿಗೆ ಹೋಗುತ್ತದೆ, ಅವರು ಎತ್ತದಿದ್ದರೆ ಮುಗಿಯಿತು. ರೇಡಿಯೋದಲ್ಲಿ ತುರ್ತು ಕರೆಗೆ ಬಳಸುವ ಚಾನೆಲ್ ೧೬ರಲ್ಲಿ ಕೂಗಿದರೆ ಸುತ್ತಮುತ್ತ ಅದಕ್ಕೆ ಕಿವಿಗೊಟ್ಟಿರುವ ಎಲ್ಲ ದೋಣಿಗಳಿಗೂ ಕೇಳುತ್ತದೆ. ಒದ್ದೆ ಬೆರಳಿಗೆ ಟಚ್‌ಸ್ಕ್ರೀನ್ ಸರಿಯಾಗಿ ಸ್ಪಂದಿಸುವುದಿಲ್ಲ, ರೇಡಿಯೋ ಗುಂಡಿಗೆ ಆ ತಕರಾರಿಲ್ಲ.