ಮೀಟರಿಗೆ ಹತ್ತು ರೂಪಾಯಿ

“ದುಡ್ಡು ಬೇಕಂದ್ರೆ ಕೇಳು, ಕೊಡ್ತೀನಿ. ಅದಕ್ಕೆ ಆಫ್ರಿಕಾಕ್ಕೆ ಯಾಕೋ ಹೋಗ್ಬೇಕು?” ಅಂದರು ಮಾವ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಿಲಿಮಂಜಾರೋ ಹತ್ತುವ ಆಸೆ ಹಳೆಯದು. ತಿಪಟೂರು ಕಡೆಯ ನಮ್ಮೂರ ಸರ್ಕಾರಿ ಶಾಲೆಗೆ ಹೆಣ್ಣುಮಕ್ಕಳ ಶೌಚಾಲಯ ಕಟ್ಟಿಸುವ ಯೋಚನೆ ಆಮೇಲೆ ಬಂದದ್ದು. ನಿಜ ಹೇಳಬೇಕಂದ್ರೆ, ಎರಡನೆಯದು ಇಲ್ಲದಿದ್ದರೆ ಮನೆಯಲ್ಲಿ ಮೊದಲನೆಯದಕ್ಕೆ ಯಾರೂ ಒಪ್ಪುತ್ತಿರಲಿಲ್ಲ. ಪ್ರವಾಸದ ಖರ್ಚು ಪೂರ್ತಿ ನನ್ನದು, ಸೇರಿದ ದುಡ್ಡು ಪೂರ್ತಿ ಶಾಲೆಯದು ಅಂತ ಮೊದಲೇ ಎಲ್ಲರಿಗೂ ಹೇಳಿಬಿಟ್ಟಿದ್ದೆ.

ನೆಂಟರು, ಆಫೀಸಿನವರು ಹತ್ತಿದ ಮೀಟರಿಗೆ ಇಷ್ಟು ಅಂತ ಒಪ್ಪಿಕೊಂಡರು. ಮಾವನದು ಮೀಟರಿಗೆ ಹತ್ತು ರೂಪಾಯಿ. ಆದರೆ ಅವರು ಕೊಬ್ಬರಿ ವ್ಯಾಪಾರದವರು, ಸುಮ್ನೆ ಬಿಡ್ತಾರಾ? “5,895 ಮೀಟರ್ ಅಂತೀಯ. ಗಾಡಿ ಹೋಗೋ ತನಕದ್ದು ಕಳಿ. ನಡೆದದ್ದಕ್ಕೆ ಮಾತ್ರ ದುಡ್ಡು.” ನಾವು ನಡೆಯಲು ಶುರು ಮಾಡುವ ಮಚಾಮೆ ಗೇಟ್ ಇರುವುದು ಸುಮಾರು 1,800 ಮೀಟರ್ ಎತ್ತರದಲ್ಲಿ. ಉಳಿದದ್ದು 4,095.

ಅಲ್ಲಿಯವರೆಗೆ ನಾನು ಹತ್ತಿದ ದೊಡ್ಡ ಬೆಟ್ಟ ಅಂದರೆ ಮುಳ್ಳಯ್ಯನಗಿರಿ, 1,930 ಮೀಟರ್. ಅದೂ ಬಹುಪಾಲು ಜೀಪಿನಲ್ಲಿ.

ಟಾಂಜಾನಿಯಾದ ಮೋಶಿ ಊರಿನಿಂದ ವ್ಯಾನಿನಲ್ಲಿ ಗೇಟಿಗೆ ಹೋದರೆ ಮೊದಲು ಕಣ್ಣಿಗೆ ಬಿದ್ದದ್ದು ತಕ್ಕಡಿ. ಪೋರ್ಟರ್‌ಗಳ ಹೊರೆ 20 ಕಿಲೋ ದಾಟುವಂತಿಲ್ಲ, ಅಲ್ಲೇ ತೂಗಿ ಬಿಡುತ್ತಾರೆ. ನಾನು, ನನ್ನ ಗೆಳೆಯ, ನಮ್ಮಿಬ್ಬರ ಹಿಂದೆ ಹತ್ತು ಜನ! ನನ್ನ ಬೆನ್ನಿಗೆ ಆರು ಕಿಲೋದ ಚೀಲ. ಅಷ್ಟಕ್ಕೇ ಏದುಸಿರು ಬಿಡುತ್ತಿದ್ದೆ. ಅವರು ತಲೆಯ ಮೇಲೆ ಟೆಂಟು, ಪಾತ್ರೆ, ಗ್ಯಾಸ್ ಸಿಲಿಂಡರ್ ಹೊತ್ತುಕೊಂಡು ಮಾತಾಡುತ್ತಾ ನನ್ನನ್ನು ದಾಟಿ ಹೋದರು. ಅವರಿಗೆ ಮೀಟರಿನ ಲೆಕ್ಕದಲ್ಲಿ ಯಾರೂ ಏನೂ ಕೊಡುತ್ತಿರಲಿಲ್ಲ.

ಮೊದಲ ದಿನ ಪೂರ್ತಿ ಮಳೆಕಾಡು, ಜಾರುವ ಕೆಸರು. ಎರಡನೇ ದಿನಕ್ಕೆ ಮರಗಳೇ ಕಾಣೆ. ಬಾಯಿಗೆ ಮಾತ್ರ ಪಾಸ್ತಾ, ಸೂಪು, ಮತ್ತೆ ಪಾಸ್ತಾ. ಮೂರನೇ ದಿನ ಪೋರ್ಟರ್‌ಗಳ ಟೆಂಟಿನಲ್ಲಿ ಇಣುಕಿದೆ. ತಟ್ಟೆಯಲ್ಲಿ ಉಗಾಲಿ. ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ, ಜೊತೆಗೆ ಸೊಪ್ಪಿನ ಪಲ್ಯ. ಒಬ್ಬರು ನಕ್ಕು ಒಂದು ತುಂಡು ಮುರಿದು ಕೊಟ್ಟರು. ನಾನು ಅದನ್ನು ಬೆರಳಲ್ಲಿ ಉಂಡೆ ಮಾಡಿ, ಪಲ್ಯದಲ್ಲಿ ಅದ್ದಿದ್ದು ನೋಡಿ ಅವರಿಗೆ ಆಶ್ಚರ್ಯ. ನಮ್ಮ ಜಿಲ್ಲೆಯವನಿಗೆ ಇದನ್ನು ಯಾರಾದರೂ ಕಲಿಸಬೇಕೇ? ಅವರು ನುಂಗುವ ಮೊದಲು ಅಗಿಯುತ್ತಿದ್ದರು, ಅಷ್ಟೇ ವ್ಯತ್ಯಾಸ.

ಅದೇ ದಿನ ಲಾವಾ ಟವರ್ ಎಂಬ ಬಂಡೆಯವರೆಗೆ, ಸುಮಾರು 4,600 ಮೀಟರಿಗೆ ಹತ್ತಿಸಿ, ರಾತ್ರಿ ಮಲಗಲು ಮತ್ತೆ 3,900ರ ಆಸುಪಾಸಿಗೆ ಇಳಿಸಿದರು. ಮೈ ಎತ್ತರಕ್ಕೆ ಒಗ್ಗಲಿ ಅಂತ. ಈ 700 ಮೀಟರನ್ನು ಇನ್ನೊಮ್ಮೆ ಹತ್ತಬೇಕಲ್ವಾ, ಮಾವನ ಹತ್ತಿರ ಡಬಲ್ ಕೇಳಬೇಕಿತ್ತು ಅಂತ ಗೆಳೆಯನಿಗೆ ಹೇಳಿದೆ. ಅವನಿಗೆ ತಲೆ ಸಿಡಿಯುತ್ತಿತ್ತು, ನಗಲಿಲ್ಲ.

ಕೊನೆಯ ಕ್ಯಾಂಪಿನ ಹೆಸರು ಬರಾಫು. ಸ್ವಾಹಿಲಿಯಲ್ಲಿ ಹಾಗಂದರೆ ಮಂಜುಗಡ್ಡೆ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಅದಕ್ಕೇ ಬಾಟಲಿಯನ್ನು ತಲೆಕೆಳಗಾಗಿ ಚೀಲಕ್ಕೆ ತುರುಕಿದರು. ಮಧ್ಯರಾತ್ರಿ ಹೊರಟೆವು. ಹಣೆಗೆ ಕಟ್ಟಿದ ದೀಪದ ಬೆಳಕಲ್ಲಿ ಕಾಣುತ್ತಿದ್ದದ್ದು ಮುಂದಿನವನ ಹಿಮ್ಮಡಿ ಮಾತ್ರ. ಎರಡು ಹೆಜ್ಜೆ ಇಟ್ಟರೆ ಸಡಿಲ ಜಲ್ಲಿ ಒಂದು ಹೆಜ್ಜೆ ಹಿಂದಕ್ಕೆ ಎಳೆಯುತ್ತಿತ್ತು. “ಪೋಲೆ ಪೋಲೆ,” ನಿಧಾನ ನಿಧಾನ, ಅನ್ನುತ್ತಿದ್ದರು ಗೈಡ್. ಜೋರಾಗಿ ಹೋಗೋಕೆ ಶಕ್ತಿ ಎಲ್ಲಿತ್ತು ಅಂತ! ಗೆಳೆಯ ಅರ್ಧ ದಾರಿಯಲ್ಲಿ ವಾಂತಿ ಮಾಡಿಕೊಂಡ. ಇನ್ನೊಬ್ಬ ಗೈಡ್ ಅವನನ್ನು ಕೆಳಗೆ ಕರೆದುಕೊಂಡು ಹೋದರು.

ಕುಳಿಯ ಅಂಚಿನ ಸ್ಟೆಲ್ಲಾ ಪಾಯಿಂಟ್ ಮುಟ್ಟಿದಾಗ ಬೆಳಗಾಗುತ್ತಿತ್ತು. ಪೂರ್ವಕ್ಕೆ ಮಾವೆಂಜಿ ಶಿಖರ ಕಪ್ಪಗೆ, ಅದರ ಹಿಂದೆ ಕೆಂಪು. ಕೂತುಬಿಟ್ಟೆ. ಸಾಕು ಅನ್ನಿಸಿತು. ಇಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧದಷ್ಟು, ಶೂ ಲೇಸ್ ಕಟ್ಟಿದರೂ ಉಸಿರು ಕಟ್ಟುತ್ತದೆ. ಗೈಡ್ ಎತ್ತರದ ಲೆಕ್ಕ ಹೇಳಿದರು: ಇದು 5,756, ಉಹುರು ಶಿಖರ 5,895. ಮಂಕು ಹಿಡಿದ ತಲೆ ಕಳೆಯುವ ಲೆಕ್ಕ ಶುರು ಮಾಡಿತು. 139 ಮೀಟರ್. ಹತ್ತರಿಂದ ಗುಣಿಸಿದರೆ 1,390 ರೂಪಾಯಿ. ನಾನೇ ಜೇಬಿನಿಂದ ಹಾಕಿದರೆ ಮುಗೀತು! ಆದರೆ “ಅಷ್ಟು ದೂರ ಹೋಗಿ 1,390 ಬಿಟ್ಟು ಬಂದೆಯಾ?” ಅನ್ನುವ ಮಾವನ ದನಿ ಕಿವಿಯಲ್ಲಿ. ಎದ್ದೆ. ಮುಕ್ಕಾಲು ಗಂಟೆಗೂ ಜಾಸ್ತಿ ಹಿಡಿಯಿತು. ಎಡಕ್ಕೆ ಹಿಮನದಿಯ ಬಿಳಿ ಗೋಡೆ, ಮುಂದೆ ಮರದ ಫಲಕ. ಅಲ್ಲಿ ಅತ್ತುಬಿಟ್ಟೆ. ಯಾಕೆ ಅಂತ ಈಗಲೂ ಗೊತ್ತಿಲ್ಲ.

ಊರಿಗೆ ಬಂದ ಮರುದಿನ ಮಾವ 40,950 ಕಳಿಸಿದರು, ಒಂದು ರೂಪಾಯಿ ಆಚೆ ಈಚೆ ಇಲ್ಲ. ಕೇಳಿದ್ದು ಒಂದೇ: “ಹೊತ್ತವರಿಗೆ ಎಷ್ಟು ಕೊಟ್ಟೆ?” ಹೇಳಿದೆ. “ಕಮ್ಮಿ ಆಯ್ತು” ಅಂದರು.

ಶೌಚಾಲಯದ ಗೋಡೆ ಎದ್ದಿದೆ, ಬಾಗಿಲು ಕೂತಿದೆ. ಟ್ಯಾಂಕಿಗೆ ನೀರು ಏರಿಸುವ ಮೋಟರಿಗೆ ದುಡ್ಡು ಸಾಲಲಿಲ್ಲ. ಮಾವನಿಗೆ ಫೋನ್ ಮಾಡಿದೆ.

“ಇನ್ನೊಂದು ಬೆಟ್ಟ ನೋಡ್ಕೋ” ಅಂದರು.